ಈಗತಾನೆ ಒಬ್ಬರು ಅಡ್ವಾನ್ಸ್ ಕೊಟ್ಟು ಹೋದ್ರು

2019ರ ಜೂನ್ ತಿಂಗಳು. ಬೆಂಗಳೂರಿನ ಅರಕೆರೆಯಲ್ಲಿರುವ ನಮ್ಮ ಮನೆಯ ಮೇಲಿನ ಪೋರ್ಷನ್ ಖಾಲಿಯಾಗಿತ್ತು. ಒಂದು ರೂಮು, ಹಾಲು, ಅಡುಗೆಮನೆ, ಮುಂದೆ ಬಟ್ಟೆ ಒಣಗಿಸುವಷ್ಟು ಜಾಗ. ಅಪ್ಪ ಒಂದು ಹಳೇ ರಟ್ಟಿನ ಪೆಟ್ಟಿಗೆ ಕತ್ತರಿಸಿ, ಅದರ ಮೇಲೆ ಕಪ್ಪು ಮಾರ್ಕರ್‌ನಲ್ಲಿ 'ಮನೆ ಬಾಡಿಗೆಗೆ ಇದೆ' ಅಂತ ದಪ್ಪಗೆ ಬರೆದು, ಕೆಳಗೆ ನನ್ನ ನಂಬರ್ ಹಾಕಿ, ಗೇಟಿಗೆ ತಂತಿಯಲ್ಲಿ ಕಟ್ಟಿದ್ದರು. ಅಪ್ಪನಿಗೆ ಫೋನಿನಲ್ಲಿ ಸರಿಯಾಗಿ ಕೇಳಿಸುವುದಿಲ್ಲ. ಅದಕ್ಕೇ ನನ್ನ ನಂಬರ್.

ಮೂರನೇ ದಿನ ಮಧ್ಯಾಹ್ನ ಒಂದು ಫೋನ್ ಬಂತು. ಹುಡುಗಿಯ ದನಿ. ಕನ್ನಡದಲ್ಲೇ ಮಾತಾಡಿದಳು. ಒತ್ತಕ್ಷರಗಳು ಒಂಚೂರು ಮೆತ್ತಗಾಗುತ್ತಿದ್ದವು, ಅಷ್ಟೇ. "ಮೇಡಂ, ಬೋರ್ಡ್ ನೋಡಿದೆ. ಮನೆ ಇದೆಯಾ? ಸಂಜೆ ಬಂದು ನೋಡಬಹುದಾ?" ಬಾಡಿಗೆ ಎಷ್ಟು, ನೀರು ಹೇಗೆ, ಅಡ್ವಾನ್ಸ್ ಎಷ್ಟು ಅಂತ ಕೇಳಿದಳು. ಹೇಳಿದೆ. ಎಲ್ಲದಕ್ಕೂ ಒಪ್ಪಿದಳು. ಹತ್ತಿರದ ಒಂದು ಆಸ್ಪತ್ರೆಯಲ್ಲಿ ನರ್ಸ್ ಅಂತೆ. ಅವಳು ಮತ್ತು ಅವಳ ತಂಗಿ, ಇಬ್ಬರೇ. ಆಮೇಲೆ ನಾನು ಕೇಳಿದೆ, "ಯಾವೂರು ನಿಮ್ಮದು?"

"ಮಣಿಪುರ, ಮೇಡಂ."

ಒಂದು ಕ್ಷಣವೂ ಆಗಿರಲಿಲ್ಲ. "ಅಯ್ಯೋ, ಈಗತಾನೆ ಒಬ್ಬರು ಅಡ್ವಾನ್ಸ್ ಕೊಟ್ಟು ಹೋದ್ರು ಕಣಮ್ಮ" ಅಂದೆ.

ಅಷ್ಟು ಹೊತ್ತು ನೀರು, ಬಾಡಿಗೆ ಅಂತ ವಿವರವಾಗಿ ಹೇಳಿದವಳು ನಾನೇ. ಕೊಟ್ಟುಬಿಟ್ಟ ಮನೆಗೆ ಯಾರು ಹಾಗೆ ವಿವರ ಹೇಳುತ್ತಾರೆ? ಅವಳಿಗೆ ಗೊತ್ತಾಗಿಯೇ ಇರುತ್ತದೆ. ಆದರೂ ಅವಳು ಜಗಳ ಆಡಲಿಲ್ಲ, ಯಾಕೆ ಅಂತ ಕೇಳಲಿಲ್ಲ. "ಪರವಾಗಿಲ್ಲ ಮೇಡಂ, ಥ್ಯಾಂಕ್ಸ್" ಅಂತ ಫೋನ್ ಇಟ್ಟಳು. ಆ 'ಪರವಾಗಿಲ್ಲ' ಎಷ್ಟು ಸಲೀಸಾಗಿ ಬಂತು ಅಂದರೆ, ಅದನ್ನು ಅವಳು ಆ ವಾರದಲ್ಲೇ ಹತ್ತು ಸಲ ಹೇಳಿದ್ದಳೇನೋ ಅನ್ನಿಸಿತು.

ಆ ಬೋರ್ಡು ಗೇಟಿನಲ್ಲಿ ಇನ್ನೂ ಹನ್ನೊಂದು ದಿನ ನೇತಾಡಿತು. ಒಂದು ಸಂಜೆ ಮಳೆ ಬಂದು ನಿಂತ ಮೇಲೆ ಇಬ್ಬರು ಹುಡುಗಿಯರು ನಮ್ಮ ಗೇಟಿನ ಮುಂದೆ ನಿಂತಿದ್ದನ್ನು ಬಾಲ್ಕನಿಯಿಂದ ನೋಡಿದೆ. ಕೊಡೆ ಮಡಚುತ್ತಾ ಒಬ್ಬಳು ಬೋರ್ಡ್ ಕಡೆ ಕೈ ತೋರಿಸಿ ಏನೋ ಹೇಳಿದಳು. ಇನ್ನೊಬ್ಬಳು ಅದನ್ನು ನೋಡಿ, ಆಮೇಲೆ ಮನೆಯ ಕಡೆ ತಲೆ ಎತ್ತಿ ನೋಡಿದಳು. ನಾನು ಹಿಂದಕ್ಕೆ ಸರಿದೆ. ಅವಳೇನಾ, ಬೇರೆ ಯಾರೋನಾ, ನನಗೆ ಗೊತ್ತಿಲ್ಲ. ಮುಖವೇ ನೋಡಿರಲಿಲ್ಲವಲ್ಲ. ಆದರೆ ಯಾಕೆ ಬಚ್ಚಿಟ್ಟುಕೊಂಡೆ ಅನ್ನುವುದು ಮಾತ್ರ ನನಗೆ ಚೆನ್ನಾಗಿ ಗೊತ್ತು.

ಇಷ್ಟು ವರ್ಷ ಆದಮೇಲೂ ಆ ಒಂದು ಸುಳ್ಳು ನನ್ನನ್ನು ಬಿಟ್ಟಿಲ್ಲ. ಯಾಕಂದರೆ ನನಗೆ ಮಣಿಪುರದವರ ಮೇಲೆ ಯಾವ ದ್ವೇಷವೂ ಇರಲಿಲ್ಲ. ಆಣೆ ಮಾಡಿ ಹೇಳಬಲ್ಲೆ. ದ್ವೇಷ ಇರಬೇಕಾದರೂ ಅವರ ಬಗ್ಗೆ ಏನಾದರೂ ಗೊತ್ತಿರಬೇಕು. ನನಗೆ ಏನೂ ಗೊತ್ತಿರಲಿಲ್ಲ. ಜನಾಂಗೀಯ ಭೇದ ಅಂದರೆ ಬೈಯುವುದು, ಹೊಡೆಯುವುದು ಅಂತಲೇ ಅಂದುಕೊಂಡಿದ್ದೆ. ಅದು ನನ್ನ ಬಾಯಿಂದ ಇಷ್ಟು ಮರ್ಯಾದೆಯಾಗಿ, 'ಕಣಮ್ಮ' ಅಂತ ಅಕ್ಕರೆಯಾಗಿ ಬರುತ್ತದೆ ಅಂತ ಯೋಚಿಸಿರಲಿಲ್ಲ. ಆಮೇಲೆ ಇದರ ಬಗ್ಗೆ ಓದುತ್ತಾ ಹೋದೆ. ಓದಿದ್ದೆಲ್ಲ ಸುತ್ತಿ ಸುತ್ತಿ ಆ ಫೋನಿಗೇ ಬಂದು ನಿಲ್ಲುತ್ತಿತ್ತು.

ಮೊದಲು, ನನ್ನ ತಲೆಯಲ್ಲಿ ಇದ್ದದ್ದೇನು? ಒಂದೇ ಒಂದು ಘಟನೆ. ನಮ್ಮ ಬೀದಿಯ ಮೂರನೇ ಮನೆಯಲ್ಲಿ ಅದಕ್ಕೂ ಎರಡು ವರ್ಷ ಮೊದಲು ಈಶಾನ್ಯದ ಕಡೆಯ ಹುಡುಗರು ಬಾಡಿಗೆಗೆ ಇದ್ದರು. ಒಂದು ರಾತ್ರಿ ಹುಟ್ಟುಹಬ್ಬ ಅಂತ ಜೋರಾಗಿ ಹಾಡು ಹಾಕಿ, ಬೀದಿಯವರು ಪೊಲೀಸರಿಗೆ ಫೋನ್ ಮಾಡಿದ್ದರು. ಅಷ್ಟೇ. ಅದೇ ಬೀದಿಯಲ್ಲಿ ಗಣೇಶನ ಹಬ್ಬಕ್ಕೆ ರಾತ್ರಿ ಒಂದು ಗಂಟೆವರೆಗೆ ಮೈಕು ಹಾಕುತ್ತಾರೆ. ಎದುರು ಮನೆಯವರ ಮಗ ಕುಡಿದು ಬಂದು ಬೈಕಿನಿಂದ ನಮ್ಮ ಗೇಟಿಗೇ ಗುದ್ದಿದ್ದ. ಅವನು ಕುಡಿದರೆ 'ಪಾಪ, ಆ ಹುಡುಗ ಕೆಟ್ಟ' ಅಂತ ಅವನೊಬ್ಬನ ಹೆಸರು ಹೇಳುತ್ತೇವೆ. ಆ ಹುಡುಗರು ಹಾಡು ಹಾಕಿದರೆ 'ಅವರೇ ಹಂಗೆ' ಅನ್ನುತ್ತೇವೆ.

ಇದಕ್ಕೆ ಮನಃಶಾಸ್ತ್ರದಲ್ಲಿ ಒಂದು ಹಳೆಯ ಪ್ರಯೋಗ ಇದೆ. 1976ರಲ್ಲಿ ಡೇವಿಡ್ ಹ್ಯಾಮಿಲ್ಟನ್ ಮತ್ತು ರಾಬರ್ಟ್ ಗಿಫರ್ಡ್ ಅನ್ನುವವರು ಮಾಡಿದ್ದು. 'ಎ' ಮತ್ತು 'ಬಿ' ಅಂತ ಎರಡು ಗುಂಪು. ಊರಿಲ್ಲ, ಬಣ್ಣ ಇಲ್ಲ, ಬರೀ ಅಕ್ಷರ. ಎ ಗುಂಪಿನವರ ಬಗ್ಗೆ 26 ವಾಕ್ಯ ಓದಿಸಿದರು, ಅದರಲ್ಲಿ 18 ಒಳ್ಳೆಯದು, 8 ಕೆಟ್ಟದ್ದು. ಬಿ ಗುಂಪು ಚಿಕ್ಕದು, 13 ವಾಕ್ಯ, 9 ಒಳ್ಳೆಯದು, 4 ಕೆಟ್ಟದ್ದು. ಲೆಕ್ಕ ಹಾಕಿ ನೋಡಿ, ಎರಡರಲ್ಲೂ ಒಳ್ಳೆಯದು ಕೆಟ್ಟದ್ದರ ಪಾಲು ಒಂದೇ. ಆದರೆ ಓದಿದವರನ್ನು ಕೇಳಿದಾಗ, ಬಿ ಗುಂಪಿನವರು ಜಾಸ್ತಿ ಕೆಟ್ಟವರು ಅನ್ನಿಸುತ್ತೆ ಅಂದರು. ಕಣ್ಣಿಗೆ ಅಪರೂಪಕ್ಕೆ ಬೀಳುವ ಜನ, ಅಪರೂಪಕ್ಕೆ ನಡೆಯುವ ಕೆಟ್ಟ ಕೆಲಸ. ಎರಡೂ ಒಟ್ಟಿಗೆ ಕಂಡಾಗ ಮನಸ್ಸು ಅವೆರಡಕ್ಕೂ ಗಂಟು ಹಾಕಿಬಿಡುತ್ತದೆ. ಒಂದು ರಾತ್ರಿಯ ಹಾಡು ನನ್ನ ತಲೆಯಲ್ಲಿ ಎರಡು ವರ್ಷ ಉಳಿದದ್ದು ಹೀಗೆ. ಆ ಹುಡುಗರು ಮನೆ ಬಿಟ್ಟ ದಿನ ಗೋಡೆಗೆ ಸುಣ್ಣ ಹೊಡೆಸಿಕೊಟ್ಟು ಹೋಗಿದ್ದರು ಅನ್ನುವುದನ್ನು ಅಮ್ಮ ನೆನಪಿಸಿದಾಗಲೇ ನನಗೆ ನೆನಪಾದದ್ದು.

'ಅವರೇ ಹಂಗೆ' ಅನ್ನುವ ಮಾತು ಎಲ್ಲಿಗೆ ಹೋಗಿ ಮುಟ್ಟಬಹುದು ಅನ್ನುವುದನ್ನು ನಮ್ಮ ಬೆಂಗಳೂರೇ ನೋಡಿದೆ. 2016ರ ಜನವರಿ 31ರ ರಾತ್ರಿ, ಹೆಸರಘಟ್ಟ ರಸ್ತೆಯ ಕಡೆ, ಸೋಲದೇವನಹಳ್ಳಿ ಠಾಣೆಯ ಸರಹದ್ದು. ಸುಡಾನ್ ದೇಶದ ಒಬ್ಬ ವಿದ್ಯಾರ್ಥಿಯ ಕಾರು ಹಾಯ್ದು ಒಬ್ಬ ಹೆಂಗಸು ತೀರಿಕೊಂಡರು. ಆ ಸಾವು ದೊಡ್ಡ ದುಃಖವೇ. ಆದರೆ ಸುಮಾರು ಅರ್ಧ ಗಂಟೆಯ ಮೇಲೆ ಬೇರೆಯೇ ಕಾರಿನಲ್ಲಿ ಆ ದಾರಿಯಲ್ಲಿ ಬಂದ ತಾಂಜಾನಿಯಾದ ಒಬ್ಬ ವಿದ್ಯಾರ್ಥಿನಿಯನ್ನು ಮತ್ತು ಅವಳ ಗೆಳೆಯರನ್ನು ಗುಂಪು ಹಿಡಿದು ಹೊಡೆಯಿತು, ಅವರ ಕಾರಿಗೆ ಬೆಂಕಿ ಹಚ್ಚಿತು. ಅವಳಿಗೂ ಆ ಅಪಘಾತಕ್ಕೂ ಸಂಬಂಧವೇ ಇರಲಿಲ್ಲ. ದೇಶ ಬೇರೆ, ಕಾರು ಬೇರೆ. ಸುಡಾನ್ ಎಲ್ಲಿ, ತಾಂಜಾನಿಯಾ ಎಲ್ಲಿ? ಗುಂಪಿನ ಕಣ್ಣಿಗೆ ಕಂಡದ್ದು ಚರ್ಮದ ಬಣ್ಣ ಮಾತ್ರ. ಅವಳೂ 'ಅವರಲ್ಲೇ' ಒಬ್ಬಳು ಅನ್ನುವುದಷ್ಟೇ ಆ ಹೊತ್ತಿಗೆ ಸಾಕಾಯಿತು.

ನಾನು ಯಾರಿಗೂ ಹೊಡೆದಿಲ್ಲ, ಹೊಡೆಯುವುದೂ ಇಲ್ಲ. ಆದರೆ ನನ್ನ ಲೆಕ್ಕ ಮತ್ತು ಆ ಗುಂಪಿನ ಲೆಕ್ಕ ಶುರುವಾದದ್ದು ಒಂದೇ ಜಾಗದಿಂದ. ಇದನ್ನು ಬರೆಯುವಾಗ ಕೈ ತಡೆಯುತ್ತದೆ, ಆದರೂ ಬರೆಯಲೇಬೇಕು.

ಇನ್ನೊಂದು ಪ್ರಶ್ನೆ ನನ್ನನ್ನು ತುಂಬಾ ಕಾಡಿದ್ದು. ಆ ಹುಡುಗಿ ಫೋನ್ ಮಾಡುವ ಬದಲು ನೇರವಾಗಿ ಬಂದು ಗೇಟಿನಲ್ಲಿ ನಿಂತು, ಡ್ಯೂಟಿ ಮುಗಿಸಿ ಬಂದ ಸುಸ್ತಿನಲ್ಲಿ, "ಮನೆ ತೋರಿಸ್ತೀರಾ" ಅಂದಿದ್ದರೆ? ಬಹುಶಃ ತೋರಿಸುತ್ತಿದ್ದೆ. ನೀರು ಕುಡೀತೀರಾ ಅಂತಲೂ ಕೇಳುತ್ತಿದ್ದೆನೇನೋ.

ಇದಕ್ಕೂ ಒಂದು ಕಥೆ ಇದೆ, ನಿಜವಾಗಿ ನಡೆದದ್ದು. 1930ರ ಹೊತ್ತಿನ ಅಮೆರಿಕ. ಅಲ್ಲಿ ಆಗ ಚೀನೀಯರ ಮೇಲೆ ಬಹಳ ಕೆಟ್ಟ ಭಾವನೆ. ರಿಚರ್ಡ್ ಲಾಪಿಯೆರ್ ಅನ್ನುವ ಸಮಾಜಶಾಸ್ತ್ರಜ್ಞ ಒಬ್ಬ ಚೀನೀ ಯುವಕ ಮತ್ತು ಅವನ ಹೆಂಡತಿಯ ಜೊತೆ ಕಾರಿನಲ್ಲಿ ಆ ದೇಶವನ್ನೆಲ್ಲ ಸುತ್ತಿದ. ಹೋಟೆಲು, ವಸತಿಗೃಹ ಎಲ್ಲ ಸೇರಿ 251 ಕಡೆ ಹೋದರು. ಒಂದೇ ಒಂದು ಕಡೆ ಮಾತ್ರ ಒಳಗೆ ಬಿಡಲಿಲ್ಲ. ಆರು ತಿಂಗಳು ಬಿಟ್ಟು ಅದೇ ಜಾಗಗಳಿಗೆಲ್ಲ ಅವನು ಕಾಗದ ಬರೆದು, ನಿಮ್ಮಲ್ಲಿ ಚೀನೀಯರನ್ನು ಸೇರಿಸುತ್ತೀರಾ ಅಂತ ಕೇಳಿದ. ಉತ್ತರ ಬರೆದವರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಜನ ಇಲ್ಲ ಅಂದರು. ಅದೇ ಜನ, ಅದೇ ಮೇಜು, ಅದೇ ಹಾಸಿಗೆ! 1934ರಲ್ಲಿ ಇದು ಅಚ್ಚಾಯಿತು.

ಲಾಪಿಯೆರ್ ಹೇಳಲು ಹೊರಟದ್ದು, ಜನ ಹೇಳುವುದಕ್ಕೂ ಮಾಡುವುದಕ್ಕೂ ಎಷ್ಟು ದೂರ ಅಂತ. ನಾನು ಅದನ್ನು ಓದಿದ್ದು ಬೇರೆ ರೀತಿ. ಎದುರಿಗೆ ನಿಂತಾಗ ಮನುಷ್ಯ ಕಾಣುತ್ತಾನೆ, ಅವನ ಬಟ್ಟೆ, ನಗು, ಕೈಯಲ್ಲಿರುವ ಚೀಲ ಎಲ್ಲ ಕಾಣುತ್ತದೆ. ಕಾಗದದಲ್ಲಿ ಬರೀ ಜಾತಿಯ ಹೆಸರು, ದೇಶದ ಹೆಸರು ಕಾಣುತ್ತದೆ. ಈಗ ನಮ್ಮ ಊರಿನಲ್ಲಿ ಮನೆ ಹುಡುಕುವುದೆಲ್ಲ ಫೋನಿನಲ್ಲೇ, ಆ್ಯಪಿನಲ್ಲೇ. ಮುಖ ನೋಡುವ ಮೊದಲೇ ಹೆಸರು, ಊರು, ಊಟ ಎಲ್ಲ ಕೇಳಿ ಮುಗಿದಿರುತ್ತದೆ. ಅರ್ಥಶಾಸ್ತ್ರಜ್ಞ ಸುಖದೇವ್ ಥೋರಟ್ ಮತ್ತು ಜೊತೆಗಾರರು ದೆಹಲಿ ಸುತ್ತಮುತ್ತ ಇದನ್ನೇ ಪರೀಕ್ಷೆ ಮಾಡಿ 2015ರಲ್ಲಿ ಬರೆದಿದ್ದಾರೆ. ಒಂದೇ ಥರದ ಕೆಲಸ ಇರುವ ಬಾಡಿಗೆದಾರರು, ಬೇರೆ ಬೇರೆ ಹೆಸರು. ಮೇಲ್ಜಾತಿಯ ಹೆಸರಿಗೆ ಹೆಚ್ಚುಕಡಿಮೆ ಎಲ್ಲ ಬಾಗಿಲೂ ತೆರೆದವು. ದಲಿತರಿಗೆ, ಅದಕ್ಕಿಂತ ಹೆಚ್ಚಾಗಿ ಮುಸ್ಲಿಮರಿಗೆ, ಇಲ್ಲ ಅನ್ನಿಸಿಕೊಳ್ಳಬೇಕಾಯಿತು. ಕೊಡುತ್ತೇವೆ ಅಂದವರಲ್ಲೂ ಕೆಲವರು ಹೆಚ್ಚು ಬಾಡಿಗೆ, ಇಲ್ಲದ ಷರತ್ತು ಸೇರಿಸಿದ್ದರು.

ಕಾನೂನು ಅಂತ ಕೇಳಿದರೆ, ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆ ಇವುಗಳ ಬಾಗಿಲು ಎಲ್ಲರಿಗೂ ತೆರೆದಿರಬೇಕು ಅನ್ನುತ್ತದೆ. ಬಾಡಿಗೆ ಮನೆಯ ಹೆಸರು ಅದರಲ್ಲಿಲ್ಲ. ನನ್ನ ಮನೆ ಯಾರಿಗೆ ಕೊಡಬೇಕು ಅನ್ನುವುದು ನನ್ನಿಷ್ಟ ಅನ್ನುವ ಮಾತು ಆ ಸಂದಿನಲ್ಲೇ ನಿಂತಿರುವುದು.

ಈಗ ಅಪ್ಪನ ವಿಷಯ ಹೇಳಬೇಕು.

ನಮ್ಮದು ಸಕಲೇಶಪುರದ ಕಡೆ. ಅಪ್ಪ 1987ರಲ್ಲಿ ಕೆಲಸ ಸಿಕ್ಕಿ ಬೆಂಗಳೂರಿಗೆ ಬಂದಾಗ ಹೊಸದಾಗಿ ಮದುವೆ. ದಕ್ಷಿಣ ಬೆಂಗಳೂರಿನ ಒಂದು ಹಳೇ ಬಡಾವಣೆಯಲ್ಲಿ ಮನೆ ನೋಡಲು ಹೋದರಂತೆ. ಮನೆ ಯಜಮಾನರು ಕೂರಿಸಿ, ಕಾಫಿಯನ್ನೂ ಕೊಟ್ಟು, ಊರು ಕೇಳಿ, ಕೆಲಸ ಕೇಳಿ, ಆಮೇಲೆ ಮೆಲ್ಲಗೆ "ತಾವು ಯಾವ ಜನ?" ಅಂದರಂತೆ. ಅಪ್ಪ ಹೇಳಿದರು. "ಹೌದಾ, ಸಂತೋಷ. ನಿನ್ನೆ ಸಂಜೆ ತಾನೆ ಒಬ್ಬರಿಗೆ ಮಾತು ಕೊಟ್ಟುಬಿಟ್ವಲ್ಲ" ಅಂದರಂತೆ ಅವರು. ಅಪ್ಪ ಹೊರಗೆ ಬಂದು ಸೈಕಲ್ ಹತ್ತುವಾಗ ಒಳಗಿನಿಂದ ಲೋಟ ತೊಳೆಯುವ ಸದ್ದು, ಎರಡೆರಡು ಸಲ ತಿಕ್ಕುವ ಸದ್ದು ಕೇಳಿಸಿತಂತೆ. ಈ ಕಥೆಯನ್ನು ಅಪ್ಪ ನಮಗೆ ಚಿಕ್ಕಂದಿನಿಂದ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ಹೇಳುವಾಗಲೆಲ್ಲ ಆ ಲೋಟದ ಹತ್ತಿರ ಬಂದಾಗ ಅವರ ದನಿ ಕುಗ್ಗುತ್ತದೆ. ಸ್ವಂತ ಮನೆ ಕಟ್ಟಲೇಬೇಕು ಅಂತ ಅವರು ಹಟ ಹಿಡಿದದ್ದು ಅವತ್ತೇ ಅಂತೆ.

ಆ ಹಟದಿಂದ ಕಟ್ಟಿದ ಮನೆಯ ಗೇಟಿನಲ್ಲೇ ಆ ರಟ್ಟಿನ ಬೋರ್ಡು ನೇತಾಡುತ್ತಿದ್ದದ್ದು. ಅಪ್ಪನಿಗೆ ಅವರು ಹೇಳಿದ ಮಾತನ್ನೇ, ಹೆಚ್ಚುಕಡಿಮೆ ಅದೇ ಪದಗಳಲ್ಲಿ, ಮೂವತ್ತೆರಡು ವರ್ಷದ ಮೇಲೆ ನಾನು ಇನ್ನೊಬ್ಬಳಿಗೆ ಹೇಳಿದ್ದೆ. ಪೆಟ್ಟು ತಿಂದವರಿಗೆ ನೋವು ಗೊತ್ತಿರುತ್ತದೆ, ಅವರು ಇನ್ನೊಬ್ಬರಿಗೆ ಹಾಗೆ ಮಾಡುವುದಿಲ್ಲ ಅಂತ ನಾವು ನಂಬಿಕೊಂಡಿರುತ್ತೇವೆ. ನಮ್ಮ ಮನೆಯಲ್ಲಂತೂ ಅದು ನಿಜವಾಗಲಿಲ್ಲ. ನೋವಿನ ಕಥೆಯನ್ನು ನಾವು 'ನಮಗೆ ಆದ ಅನ್ಯಾಯ' ಅಂತ ಕಾಪಾಡಿಕೊಂಡು ಬಂದೆವೇ ಹೊರತು, ಆ ಪ್ರಶ್ನೆಯೇ ತಪ್ಪು ಅಂತ ಯಾವತ್ತೂ ಮಾತಾಡಿಕೊಂಡಿರಲಿಲ್ಲ.

ಆ ಸಂಜೆ ಫೋನಿನ ವಿಷಯ ಹೇಳಿದಾಗ ಅಮ್ಮ ಅಂದದ್ದು, "ಒಳ್ಳೇದಾಯ್ತು ಬಿಡು, ಅವರ ಅಡುಗೆ ವಾಸನೆ ತಡೆಯೋಕಾಗಲ್ಲ." ಅಮ್ಮ ಆ ಅಡುಗೆ ಯಾವತ್ತೂ ಮೂಸಿ ನೋಡಿದವರಲ್ಲ. ಬಿದಿರಿನ ಎಳೆ ಮೊಳಕೆ, ಒಣಗಿಸಿದ ಮೀನು ಅಂತ ಯಾರೋ ಹೇಳಿದ್ದು ಕೇಳಿದ್ದರು. ಅಲ್ಲಮ್ಮ, ಮಳೆಗಾಲದಲ್ಲಿ ಊರಿಂದ ಕಳಲೆ ಬಂತು ಅಂದರೆ ನೀನು ಅದನ್ನು ಹೆಚ್ಚಿ ಮೂರು ದಿನ ನೀರಲ್ಲಿ ನೆನೆಹಾಕಿ ಪಲ್ಯ ಮಾಡುತ್ತೀಯಲ್ಲ, ಆ ನೀರು ಬದಲಾಯಿಸುವಾಗ ಅಡುಗೆಮನೆಯಲ್ಲಿ ನಿಲ್ಲೋಕಾಗುತ್ತಾ? ಕಳಲೆ ಅಂದರೆ ಅದೇ ಬಿದಿರಿನ ಮೊಳಕೆ ತಾನೆ? ಒಣಮೀನು ಸುಟ್ಟ ದಿನ ಪಕ್ಕದ ಮನೆಯವರು ಕಿಟಕಿ ಹಾಕಿಕೊಳ್ಳುವುದಿಲ್ವಾ? ಹೀಗೆ ಕೇಳಿದೆ. ಅಮ್ಮ ಸುಮ್ನಾದರು. ಸ್ವಲ್ಪ ಹೊತ್ತಿನ ಮೇಲೆ, "ಹಂಗಲ್ಲ, ಅವರು ರಾತ್ರಿ ಲೇಟಾಗಿ ಬರ್ತಾರೆ" ಅಂದರು. ನರ್ಸ್ ಅಂದಮೇಲೆ ನೈಟ್ ಶಿಫ್ಟ್ ಇರುತ್ತೆ ಅಂದೆ. "ಭಾಷೆ ಗೊತ್ತಿರಲ್ಲ" ಅಂದರು. ಕನ್ನಡ ಮಾತಾಡಿದಳು ಅಂದೆ. ಒಂದು ಕಾರಣ ಬಿದ್ದುಹೋದರೆ ಇನ್ನೊಂದು ಬರುತ್ತಿತ್ತು. ಅಮ್ಮ ಸುಳ್ಳು ಹೇಳುತ್ತಿರಲಿಲ್ಲ, ಪ್ರತಿಯೊಂದನ್ನೂ ಆ ಕ್ಷಣಕ್ಕೆ ನಿಜವಾಗಿಯೇ ನಂಬಿದ್ದರು. ತೀರ್ಮಾನ ಮೊದಲೇ ಆಗಿತ್ತು, ಕಾರಣಗಳು ಆಮೇಲೆ ಬರುತ್ತಿದ್ದವು. ನನ್ನದೂ ಅದೇ ಕಥೆ. ಅಮ್ಮ ಬಾಯಿಬಿಟ್ಟು ಹೇಳಿದರು, ನಾನು ಒಳಗೊಳಗೇ ಹೇಳಿಕೊಂಡೆ, ಅಷ್ಟೇ ವ್ಯತ್ಯಾಸ.

ಇದನ್ನೂ ಅಳೆದು ನೋಡಿದವರಿದ್ದಾರೆ. 2005ರಲ್ಲಿ ಎರಿಕ್ ಉಲ್‌ಮನ್ ಮತ್ತು ಜೆಫ್ರಿ ಕೋಹೆನ್ ಮಾಡಿದ ಅಧ್ಯಯನ. ಪೊಲೀಸ್ ಮುಖ್ಯಸ್ಥರ ಕೆಲಸಕ್ಕೆ ಒಬ್ಬ ಗಂಡಸು, ಒಬ್ಬ ಹೆಂಗಸು. ಒಬ್ಬರಿಗೆ ಬೀದಿಯ ಅನುಭವ ಜಾಸ್ತಿ, ಇನ್ನೊಬ್ಬರಿಗೆ ಓದು ಜಾಸ್ತಿ. ಗಂಡಸಿಗೆ ಅನುಭವ ಇದೆ ಅಂತ ತೋರಿಸಿದಾಗ ಜನ ಈ ಕೆಲಸಕ್ಕೆ ಅನುಭವವೇ ಮುಖ್ಯ ಅಂದರು. ಗಂಡಸಿಗೆ ಓದು ಇದೆ ಅಂತ ತೋರಿಸಿದಾಗ, ಓದು ಮುಖ್ಯ ಅಂದರು. ತಾವು ನ್ಯಾಯವಾಗಿಯೇ ಆರಿಸಿದ್ದೇವೆ ಅಂತ ಅವರಿಗೆ ಪೂರ್ತಿ ನಂಬಿಕೆ. ಆದರೆ ಹೆಸರು ತೋರಿಸುವ ಮೊದಲೇ 'ಈ ಕೆಲಸಕ್ಕೆ ಏನು ಮುಖ್ಯ' ಅಂತ ಅವರ ಕೈಲೇ ಗೊತ್ತುಮಾಡಿಸಿದಾಗ ಈ ಭೇದ ಕಾಣಲಿಲ್ಲ. ಇದನ್ನು ಓದಿದ ದಿನ ನನಗೆ ಸ್ವಲ್ಪ ದಾರಿ ಕಂಡ ಹಾಗಾಯಿತು.

ಇದೆಲ್ಲ ಮನೆ ಕೊಡುವವರ ಕಡೆಯ ಮಾತಾಯಿತು. ಫೋನಿನ ಆ ಕಡೆ ಏನಾಗುತ್ತದೆ ಅನ್ನುವುದು ನನಗೆ ಗೊತ್ತಾದದ್ದು ನನ್ನ ಜೊತೆ ಕೆಲಸ ಮಾಡುವ ಒಬ್ಬ ಗೆಳತಿಯಿಂದ. ಅವಳೂ ಈಶಾನ್ಯದವಳು, ಹತ್ತು ವರ್ಷದಿಂದ ಇಲ್ಲಿದ್ದಾಳೆ. ಅವಳ ಹತ್ತಿರ ನಾನು ಮಾಡಿದ್ದನ್ನು ಹೇಳಿಕೊಂಡೆ. ಬೈಯುತ್ತಾಳೆ ಅಂದುಕೊಂಡಿದ್ದೆ, ಬೈಯಲಿಲ್ಲ. ಅವಳು ಹೇಳಿದ್ದು ಇದು. "ನೀವು ಸುಳ್ಳು ಹೇಳೋದು ಕಷ್ಟ ಅಲ್ಲ. ಕೆಲವರು ನಿಜ ಹೇಳ್ತಾರಲ್ಲ, ಅದು ಕಷ್ಟ. ಯಾಕಂದ್ರೆ ಮನೆ ನಿಜವಾಗ್ಲೂ ಬೇರೆಯವರಿಗೆ ಕೊಟ್ಟಿರ್ತಾರೆ. ನಾನು ಅವರನ್ನೂ ನಂಬಲ್ಲ. ಇಡೀ ರಾತ್ರಿ ಯೋಚನೆ ಮಾಡ್ತೀನಿ, ನನ್ನ ಮುಖಕ್ಕೆ ಇಲ್ಲ ಅಂದ್ರಾ, ಇಲ್ಲ ನಿಜವಾಗ್ಲೂ ಮನೆ ಹೋಯ್ತಾ."

ನಮಗೆ ಮನೆ ಸಿಗದಿದ್ದರೆ ಮನೆ ಸಿಗಲಿಲ್ಲ ಅಂತ ಮಾತ್ರ ಬೇಜಾರು. ಅವಳಿಗೆ ಅದರ ಜೊತೆ ಈ ಲೆಕ್ಕವೂ ಇದೆ. ಆಟೋದವನು ಬರಲ್ಲ ಅಂದಾಗ, ಹೋಟೆಲಿನಲ್ಲಿ ತಿಂಡಿ ತಡವಾದಾಗ, ಬಾಸು ಮುಖ ಗಂಟಿಕ್ಕಿದಾಗ, ಪ್ರತಿಸಲ ಅದೇ ಲೆಕ್ಕ. ಕೊನೆಗೂ ಉತ್ತರ ಸಿಗುವುದಿಲ್ಲ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲವಲ್ಲ. ಈಗ ಅವಳು ಮನೆ ಬೇಕಾದರೆ ಕನ್ನಡದ ಸಹೋದ್ಯೋಗಿಯ ಕೈಲಿ ಫೋನ್ ಮಾಡಿಸುತ್ತಾಳೆ. "ನನ್ನ ಹೆಸರು ಹೇಳಿದ ಕೂಡಲೇ ದನಿ ಬದಲಾಗುತ್ತೆ, ಅರ್ಧ ಸೆಕೆಂಡು. ನನಗೆ ಆ ಅರ್ಧ ಸೆಕೆಂಡು ಕೇಳಿಸುತ್ತೆ" ಅಂದಳು.

ಅವಳ ಅಣ್ಣ 2012ರ ಆಗಸ್ಟಿನಲ್ಲಿ ಇಲ್ಲೇ ಸೆಕ್ಯೂರಿಟಿ ಗಾರ್ಡ್ ಆಗಿದ್ದನಂತೆ. ನಿಮಗೆ ನೆನಪಿರಬಹುದು. ಅಸ್ಸಾಮಿನ ಕೋಕ್ರಝಾರ್ ಕಡೆ ಗಲಭೆ ಆಗಿ, ಇಲ್ಲಿರುವ ಈಶಾನ್ಯದವರ ಮೇಲೆ ಹಲ್ಲೆ ಮಾಡುತ್ತಾರೆ ಅಂತ ಎಸ್‌ಎಂಎಸ್ ಹರಿದಾಡಿತ್ತು. ಬರೀ ಗಾಳಿಸುದ್ದಿ. ಆದರೂ ಮೂರ್ನಾಲ್ಕು ದಿನದಲ್ಲಿ ಸಾವಿರಾರು ಜನ ಸಿಟಿ ರೈಲ್ವೆ ಸ್ಟೇಷನ್ನಿಗೆ ಬಂದು ಗುವಾಹಟಿ ರೈಲು ಹತ್ತಿದರು. ವಿಶೇಷ ರೈಲು ಬಿಡಬೇಕಾಯಿತು. ಆಗ ಗೃಹಮಂತ್ರಿಯಾಗಿದ್ದ ಆರ್. ಅಶೋಕ್ ಸ್ಟೇಷನ್ನಿಗೇ ಹೋಗಿ ಹೋಗಬೇಡಿ ಅಂತ ಕೇಳಿಕೊಂಡರು. ದಿನಕ್ಕೆ ಐದಕ್ಕಿಂತ ಜಾಸ್ತಿ ಎಸ್‌ಎಂಎಸ್ ಒಟ್ಟಿಗೆ ಕಳಿಸದ ಹಾಗೆ ಸರ್ಕಾರ ತಡೆ ಹಾಕಿತು. ಟಿವಿಯಲ್ಲಿ ಅದನ್ನು ನೋಡಿದಾಗ, ಒಂದು ಮೆಸೇಜಿಗೆ ಇಷ್ಟು ಹೆದರುತ್ತಾರಾ ಅಂತ ನನಗೆ ಆಶ್ಚರ್ಯವಾಗಿತ್ತು. ಈಗ ಆಗುವುದಿಲ್ಲ. ದಿನಾ ಆ ಅರ್ಧ ಸೆಕೆಂಡು ಕೇಳಿಸಿಕೊಳ್ಳುವವರು, ಈ ಊರು ತಮ್ಮ ಪರ ನಿಲ್ಲುತ್ತದೆ ಅಂತ ಯಾವ ಧೈರ್ಯದ ಮೇಲೆ ನಂಬಬೇಕಿತ್ತು? 2020ರ ಮಾರ್ಚಿನಲ್ಲಿ ಕೊರೊನಾ ಬಂದಾಗ ಮೈಸೂರಿನ ಒಂದು ಸೂಪರ್ ಮಾರ್ಕೆಟ್ಟಿನಲ್ಲಿ ನಾಗಾಲ್ಯಾಂಡಿನ ಇಬ್ಬರು ಹುಡುಗರನ್ನು ಒಳಗೇ ಬಿಡಲಿಲ್ಲ. ಅವರು ಆಧಾರ್ ಕಾರ್ಡ್ ತೋರಿಸಿದ್ದರು. ಯಾವ ಕಾರ್ಡಿಗೂ ಮುಖವನ್ನು ಮುಚ್ಚುವ ಶಕ್ತಿ ಇಲ್ಲ.

ಹಾಗಂತ ಇದು ಹೊರಗಿನಿಂದ ಬಂದವರ ಸಮಸ್ಯೆ ಮಾತ್ರ ಅಲ್ಲ. ಯಲ್ಲಾಪುರ, ಹಳಿಯಾಳ, ಅಂಕೋಲಾ ಕಡೆಯ ಸಿದ್ದಿಗಳು ಇದ್ದಾರಲ್ಲ, ಅವರ ಹಿರಿಯರನ್ನು ಪೋರ್ಚುಗೀಸರು ಗುಲಾಮರನ್ನಾಗಿ ಆಫ್ರಿಕಾದಿಂದ ತಂದು ಶತಮಾನಗಳೇ ಆದವು. ಕನ್ನಡ ಮಾತಾಡುತ್ತಾರೆ, ಕೊಂಕಣಿ ಮಾತಾಡುತ್ತಾರೆ. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೂ ಬಂದರು. ಆದರೂ ಒಬ್ಬ ಸಿದ್ದಿ ಹುಡುಗ ಬೆಂಗಳೂರಿನ ಬಸ್ಸಿನಲ್ಲಿ ಟಿಕೆಟ್ ಕೇಳಿದರೆ ಪಕ್ಕದವರು ತಿರುಗಿ ನೋಡಿ "ಕನ್ನಡ ಎಷ್ಟು ಚೆನ್ನಾಗಿ ಕಲ್ತಿದೀರ" ಅನ್ನುತ್ತಾರೆ. ಮೆಚ್ಚುಗೆಯಿಂದಲೇ ಅನ್ನುತ್ತಾರೆ. ತಾಯಿಭಾಷೆಯನ್ನು ಕಲಿತದ್ದಕ್ಕೆ ಮೆಚ್ಚುಗೆ.

ಅಪ್ಪ ಒಂದು ಮಾತು ಯಾವಾಗಲೂ ಹೇಳುತ್ತಿದ್ದರು, "ಯಾರನ್ನೂ ಬೇಡ ಅನ್ನೋದಲ್ಲ ಪುಟ್ಟಿ, ನಮ್ಮೋರಿಗೆ ಕೊಟ್ರೆ ಒಂದು ನೆಮ್ಮದಿ." ಕೇಳಲು ಎಷ್ಟು ಒಳ್ಳೆಯ ಮಾತು. ಹೆನ್ರಿ ತಾಜ್‌ಫೆಲ್ ಅನ್ನುವ ಮನಃಶಾಸ್ತ್ರಜ್ಞ ಈ 'ನಮ್ಮೋರು' ಅನ್ನುವುದರ ಬೇರನ್ನೇ ಹುಡುಕಲು ಹೋದವನು. ಪೋಲೆಂಡಿನ ಯಹೂದಿ. ಎರಡನೇ ಮಹಾಯುದ್ಧದಲ್ಲಿ ಫ್ರೆಂಚ್ ಸೈನ್ಯದಲ್ಲಿದ್ದು ಜರ್ಮನರ ಕೈಗೆ ಸೆರೆಸಿಕ್ಕ. ಹೊರಬಂದಾಗ ಅವನ ಮನೆಯವರಲ್ಲಿ ಹೆಚ್ಚಿನವರು ಉಳಿದಿರಲಿಲ್ಲ. ಆಮೇಲೆ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಹದಿನಾಲ್ಕು ಹದಿನೈದು ವರ್ಷದ ಶಾಲೆ ಹುಡುಗರ ಮೇಲೆ ಒಂದು ಪ್ರಯೋಗ ಮಾಡಿ 1970ರಲ್ಲಿ ಬರೆದ. ಪರದೆಯ ಮೇಲೆ ಚುಕ್ಕಿ ತೋರಿಸಿ ಎಷ್ಟಿವೆ ಅಂತ ಕೇಳಿ, ಜಾಸ್ತಿ ಅಂದವರು ಒಂದು ಗುಂಪು, ಕಮ್ಮಿ ಅಂದವರು ಇನ್ನೊಂದು ಗುಂಪು ಅಂತ ಹೇಳಿದ. ನಿಜವಾಗಿ ಹುಡುಗರನ್ನು ಸುಮ್ನೆ ಮನಬಂದಂತೆ ಹಂಚಿದ್ದು. ಆಮೇಲೆ ಬೇರೆ ಹುಡುಗರಿಗೆ ಹಣ ಹಂಚಲು ಹೇಳಿದ. ಹಂಚುವವನಿಗೆ ಒಂದು ಪೈಸೆಯೂ ಸಿಗುವುದಿಲ್ಲ, ಯಾರಿಗೆ ಕೊಡುತ್ತಿದ್ದೇನೆ ಅಂತಲೂ ಗೊತ್ತಿಲ್ಲ, ಅವನು ಯಾವ ಗುಂಪು ಅನ್ನುವುದಷ್ಟೇ ಗೊತ್ತು. ಹುಡುಗರು ತಮ್ಮ ಗುಂಪಿಗೇ ಜಾಸ್ತಿ ಕೊಟ್ಟರು. ಇದೇ ಥರದ ಇನ್ನೊಂದು ಪ್ರಯೋಗದಲ್ಲಿ ಎಷ್ಟೋ ಸಲ, ತಮ್ಮವರಿಗೆ ಸ್ವಲ್ಪ ಕಮ್ಮಿಯಾದರೂ ಚಿಂತೆಯಿಲ್ಲ, ಆ ಗುಂಪಿಗಿಂತ ಮೇಲಿರಬೇಕು ಅನ್ನುವ ಹಾಗೆ ಹಂಚಿದರು. ಒಂದು ಪರದೆಯ ಮೇಲಿನ ಚುಕ್ಕಿಗೇ ಇಷ್ಟು! ನಮ್ಮ ಹತ್ತಿರ ಊರಿದೆ, ಜಾತಿ ಇದೆ, ಭಾಷೆ ಇದೆ, ಸಾವಿರ ವರ್ಷದ ಕಥೆಗಳಿವೆ. ನೂರು ಮನೆಯವರು ನೂರೂ ಜನ 'ನಮ್ಮೋರಿಗೆ' ಕೊಟ್ಟರೆ, ಯಾರನ್ನೂ ದ್ವೇಷಿಸದೆಯೇ, ಆ ನರ್ಸಿಗೆ ಬೀದಿಯಲ್ಲಿ ಒಂದು ಬಾಗಿಲೂ ಉಳಿಯುವುದಿಲ್ಲ.

ಒಟ್ಟಿಗೆ ಬಾಳಿದರೆ ಎಲ್ಲ ಸರಿಹೋಗುತ್ತದೆ ಅಂತ ಹೇಳುವವರೂ ಇದ್ದಾರೆ. ಅದು ಅರ್ಧ ನಿಜ. ಮ್ಯಾಟ್ ಲೋವ್ ಅನ್ನುವ ಅರ್ಥಶಾಸ್ತ್ರಜ್ಞ 2017ರಲ್ಲಿ ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಯುವಕರಿಗೆ ಕ್ರಿಕೆಟ್ ಟೂರ್ನಿ ನಡೆಸಿ ನೋಡಿದ್ದಾನೆ. ಬೇರೆ ಬೇರೆ ಜಾತಿಯ ಹುಡುಗರನ್ನು ಒಂದೇ ಟೀಮಿನಲ್ಲಿ ಆಡಿಸಿದಾಗ ಜಾತಿ ದಾಟಿದ ಗೆಳೆತನ ಹೆಚ್ಚಾಯಿತು. ಎದುರಾಳಿಗಳಾಗಿ ಆಡಿಸಿದಾಗ ಉಲ್ಟಾ ಆಯಿತು. ಬರೀ ಒಂದೇ ಮೈದಾನದಲ್ಲಿ ಇದ್ದರೆ ಸಾಲದು ಅಂತಾಯಿತು, ಒಂದೇ ಕಡೆ ನಿಂತು ಆಡಬೇಕು. ದೆಹಲಿಯ ಖಾಸಗಿ ಶಾಲೆಗಳಲ್ಲಿ ಬಡ ಮಕ್ಕಳಿಗೆ ಸೀಟು ಮೀಸಲಿಟ್ಟ ಮೇಲೆ ಏನಾಯಿತು ಅಂತ ಅರ್ಥಶಾಸ್ತ್ರಜ್ಞ ಗೌತಮ್ ರಾವ್ ನೋಡಿದ್ದಾರೆ. ಬಡ ಮಕ್ಕಳ ಜೊತೆ ಒಂದೇ ಕ್ಲಾಸಿನಲ್ಲಿ ಕೂತ ಸಿರಿವಂತರ ಮಕ್ಕಳು, ರಿಲೇ ಓಟಕ್ಕೆ ಜೊತೆಗಾರರನ್ನು ಆರಿಸುವಾಗ ಯಾರ ಮನೆಯವನು ಅಂತ ನೋಡುವುದು ಕಮ್ಮಿಯಾಯಿತು, ಯಾರು ಜೋರಾಗಿ ಓಡುತ್ತಾರೆ ಅಂತ ನೋಡಿದರು. ನಮ್ಮ ರಾಜ್ಯದಲ್ಲಿ 2019ರ ಹೊತ್ತಿಗೆ ನಿಯಮ ಬದಲಾಯಿಸಿ, ಹತ್ತಿರದಲ್ಲಿ ಸರ್ಕಾರಿ ಶಾಲೆ ಇದ್ದರೆ, ಶಿಕ್ಷಣ ಹಕ್ಕು ಕಾಯ್ದೆಯಲ್ಲಿ (ಆರ್‌ಟಿಇ) ಬಡ ಮಕ್ಕಳಿಗೆ ಸಿಗುತ್ತಿದ್ದ ಖಾಸಗಿ ಶಾಲೆಯ ಸೀಟು ಇಲ್ಲ ಅಂತ ಮಾಡಿದರು. ಖರ್ಚಿನ ಲೆಕ್ಕ ಏನೇ ಇರಲಿ, ಒಂದೇ ಬೆಂಚಿನಲ್ಲಿ ಕೂರುವ ಅವಕಾಶ ಹೋಯಿತು ಅನ್ನುವುದು ನನಗೆ ಇವತ್ತಿಗೂ ಸಂಕಟ.

ಮನೆ ಯಜಮಾನ ಮತ್ತು ಬಾಡಿಗೆದಾರ ಒಂದೇ ಟೀಮ್ ಅಲ್ಲ. ಕೀ ಒಬ್ಬರ ಕೈಲಿ, ಅಡ್ವಾನ್ಸ್ ಇನ್ನೊಬ್ಬರ ಜೇಬಿನಿಂದ. ಅದಕ್ಕೇ ನನ್ನ ಮನಸ್ಸು ತಾನಾಗಿ ಬದಲಾಗಲಿ ಅಂತ ಕಾಯುವುದನ್ನು ಬಿಟ್ಟೆ. 2022ರಲ್ಲಿ ಮೇಲಿನ ಮನೆ ಮತ್ತೆ ಖಾಲಿಯಾದಾಗ, ಬೋರ್ಡು ಕಟ್ಟುವ ಮೊದಲೇ ಮೂವರೂ ಕೂತು ಒಂದು ಹಾಳೆಯಲ್ಲಿ ಬರೆದೆವು. ಎಷ್ಟು ಜನ ಇರುತ್ತೀರಿ, ಏನು ಕೆಲಸ, ಅಡ್ವಾನ್ಸ್ ಯಾವಾಗ ಕೊಡುತ್ತೀರಿ. ಮೂರೇ ಪ್ರಶ್ನೆ. ಮೊದಲು ಬಂದು ಮೂರಕ್ಕೂ ಸರಿಯಾಗಿ ಉತ್ತರ ಕೊಟ್ಟವರಿಗೆ ಮನೆ. ಊರು ಕೇಳುವ ಹಾಗಿಲ್ಲ. ಆ ಹಾಳೆಯನ್ನು ಫ್ರಿಜ್ ಮೇಲೆ ಅಂಟಿಸಿದೆ.

ಮೊದಲು ಬಂದವರು ಕಲಬುರಗಿ ಕಡೆಯ ಗಂಡ ಹೆಂಡತಿ. ಅವರ ಮಾತು ಕೇಳಿ ಅಮ್ಮ ನನ್ನ ಮುಖ ನೋಡಿದರು. ಉತ್ತರ ಕರ್ನಾಟಕದವರು ಅಂದರೆ ನಮ್ಮ ಬೀದಿಯಲ್ಲಿ ಬಿಲ್ಡಿಂಗ್ ಕೆಲಸದವರು ಅಂತಲೇ ಲೆಕ್ಕ, ಕನ್ನಡದವರಾದರೂ ಅವರು 'ನಮ್ಮೋರು' ಆಗುವುದಿಲ್ಲ. ಅಮ್ಮ ಏನೋ ಹೇಳಲು ಹೊರಟು, ಫ್ರಿಜ್ ಕಡೆ ನೋಡಿ, ಕೀ ತರಲು ಒಳಗೆ ಹೋದರು. ಅವರು ಮೂರು ವರ್ಷ ಇದ್ದರು. ಒಳ್ಳೆಯವರು ಅಂತ ಬರೆಯಲು ಕೈ ಹೋಗುತ್ತಿದೆ, ಬೇಡ. ಒಳ್ಳೆಯವರಾಗಿದ್ದರೆ ಮಾತ್ರ ಮನೆ ಸಿಗಬೇಕು ಅಂತೇನಿಲ್ಲವಲ್ಲ. ಬಾಡಿಗೆ ಕೊಡುತ್ತಿದ್ದರು, ಒಮ್ಮೆ ನೀರಿನ ವಿಷಯಕ್ಕೆ ಜಗಳ ಆಗಿತ್ತು, ಆಮೇಲೆ ಸರಿಹೋಯಿತು.

ಈಗ ಅವರಿಗೆ ವರ್ಗ ಆಗಿದೆ, ಮುಂದಿನ ತಿಂಗಳು ಖಾಲಿ ಮಾಡುತ್ತಾರೆ. ಮೊನ್ನೆ ಹಾಲು ತೆಗೆಯಲು ಹೋದಾಗ ಫ್ರಿಜ್ ಮೇಲಿನ ಆ ಹಾಳೆಯ ಕೆಳಗೆ ಪೆನ್ಸಿಲಿನಲ್ಲಿ ಅಪ್ಪನ ಅಕ್ಷರ ಕಾಣಿಸಿತು. ನಾಲ್ಕನೇ ಪ್ರಶ್ನೆ, 'ಊಟ ಏನು?'

ಕೇಳಿದೆ. "ಸುಮ್ನೆ ತಿಳ್ಕೊಳ್ಳೋಕೆ" ಅಂದರು. ಅಪ್ಪ, ಅವತ್ತು ನಿಮಗೆ ಕಾಫಿ ಕೊಟ್ಟವರೂ ಸುಮ್ನೆ ತಿಳ್ಕೊಳ್ಳೋಕೇ ಕೇಳಿದ್ದಲ್ವಾ ಅಂದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಎದ್ದು ಹೋಗಿ ಹಿತ್ತಲಲ್ಲಿ ರಟ್ಟಿನ ಪೆಟ್ಟಿಗೆ ಹುಡುಕತೊಡಗಿದರು. ಪೆನ್ಸಿಲಿನ ಆ ಸಾಲನ್ನು ಅವರೂ ಅಳಿಸಿಲ್ಲ, ನಾನೂ ಅಳಿಸಿಲ್ಲ. ಅವರೇ ಅಳಿಸಲಿ ಅಂತ ರಬ್ಬರನ್ನು ಫ್ರಿಜ್ ಮೇಲೆ ಇಟ್ಟಿದ್ದೇನೆ.